ಬಾಯಿಯ ಯೀಸ್ಟ್ ಸೋಂಕು: ನಿರುಪದ್ರವಿ ಶಿಲೀಂಧ್ರ ರೋಗಕಾರಿಯಾಗುವ ಬಗೆ

ನಾಲಿಗೆ, ಕೆನ್ನೆಯ ಒಳಭಾಗಗಳಲ್ಲಿ ಹಾಲಿನ ಕೆನೆಯಂತೆ ಬಿಳಿ ಪದರ ಕಟ್ಟುವ, ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಾಣುವ ಸೋಂಕನ್ನು ವೈದ್ಯರು ‘ಥ್ರಷ್’ ಎನ್ನುತ್ತಾರೆ. ಇದಕ್ಕೆ ಮುಖ್ಯ ಕಾರಣ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್. ಆರೋಗ್ಯವಂತರಾದ ಅನೇಕರ ಬಾಯಿಯಲ್ಲಿಯೂ ಇದು ತೊಂದರೆ ಕೊಡದೆ ನೆಲೆಸಿರುತ್ತದೆ. ಎಚ್‌ಐವಿ, ಹತೋಟಿ ತಪ್ಪಿದ ಮಧುಮೇಹ, ಕ್ಯಾನ್ಸರ್ ಚಿಕಿತ್ಸೆ, ಆಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್, ದೀರ್ಘಕಾಲದ ಆಂಟಿಬಯಾಟಿಕ್ ಸೇವನೆ ಮೊದಲಾದವುಗಳಿಂದ ದೇಹದ ರಕ್ಷಣೆ ಕುಗ್ಗಿದಾಗ ಅಥವಾ ಬಾಯಿಯ ಸೂಕ್ಷ್ಮಜೀವಿಗಳ ಸಮತೋಲನ ಕೆಟ್ಟಾಗ ಅದೇ ಯೀಸ್ಟ್ ಆಕ್ರಮಣಕಾರಿಯಾಗುತ್ತದೆ. ಆಗ ಅದರಲ್ಲಿ ಹಲವು ವಂಶವಾಹಿಗಳು, ಅಂದರೆ ಜೀನುಗಳು, ಚುರುಕಾಗುತ್ತವೆ.

ರೂಪ ಬದಲಾವಣೆ

ದುಂಡಗಿನ ಯೀಸ್ಟ್ ಕೋಶವು ಉದ್ದನೆಯ ತಂತುವಾಗಿ ಬೆಳೆಯುವುದು ಸೋಂಕಿನ ಪ್ರಮುಖ ಹಂತ. ದೇಹದ ಉಷ್ಣತೆ, ರಕ್ತದ್ರವದ ಅಂಶಗಳು ಇದಕ್ಕೆ ಪ್ರಚೋದನೆ ನೀಡುತ್ತವೆ. ಇಎಫ್‌ಜಿ1 ಎಂಬ ಜೀನು ಈ ಬೆಳವಣಿಗೆಯ ನಿಯಂತ್ರಕಗಳಲ್ಲೊಂದು. ಇದನ್ನೂ ಸಿಪಿಎಚ್1 ಜೀನನ್ನೂ ಕಳೆದುಕೊಂಡ ತಳಿಯು ಪ್ರಯೋಗಾಲಯದ ಇಲಿಗಳಲ್ಲಿ ಮಾರಕವಾಗಲಿಲ್ಲವೆಂದು 1997ರಲ್ಲಿ ವರದಿಯಾಯಿತು.

ಅಂಟು, ಕಿಣ್ವ, ನಂಜು

ತಂತು ಮೂಡಿದಾಗ ಎಚ್‌ಡಬ್ಲ್ಯುಪಿ1 ಮತ್ತು ಎಎಲ್‌ಎಸ್3 ಜೀನುಗಳು ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಮೊದಲನೆಯದನ್ನು ಮನುಷ್ಯನದೇ ಕಿಣ್ವವು ಬಾಯಿಯ ಕೋಶಕ್ಕೆ ಭದ್ರವಾಗಿ ಬೆಸೆಯುತ್ತದೆ. ಎರಡನೆಯದು ಶಿಲೀಂಧ್ರವನ್ನು ಒಳಗೆಳೆದುಕೊಳ್ಳುವಂತೆ ಕೋಶವನ್ನು ಪ್ರೇರೇಪಿಸುತ್ತದೆ. ಎಸ್‌ಎಪಿ ಕುಟುಂಬದ 10 ಜೀನುಗಳು ಪ್ರೋಟೀನನ್ನು ಛೇದಿಸುವ ಕಿಣ್ವಗಳಿಗೆ ಸಂಬಂಧಿಸಿದವು.

ಇಸಿಇ1 ಜೀನಿನ ಪರಿಚಯ 1993ರಲ್ಲೇ ಆಗಿದ್ದರೂ ಅದರ ಕಾರ್ಯ ಬಹುಕಾಲ ನಿಗೂಢವಾಗಿತ್ತು. ಅದರ ಪ್ರೋಟೀನಿನಿಂದ 31 ಅಮೈನೋ ಆಮ್ಲಗಳ ‘ಕ್ಯಾಂಡಿಡಾಲೈಸಿನ್’ ಎಂಬ ನಂಜು ಹೊರಬರುತ್ತದೆಂದು 2016ರಲ್ಲಿ ಪ್ರಕಟವಾಯಿತು. ಈ ನಂಜು ಕೋಶದ ಪೊರೆಯನ್ನು ಭೇದಿಸುತ್ತದೆ. ಈ ಜೀನಿಲ್ಲದ ತಳಿ ತಂತು ಬೆಳೆಸಿ ಒಳನುಗ್ಗಿದರೂ ಕೋಶಗಳಿಗೆ ಹಾನಿ ಮಾಡಲಾರದು. ವಿಶೇಷವೆಂದರೆ, ಇದೇ ನಂಜು ದೇಹಕ್ಕೆ ಅಪಾಯದ ಮುನ್ಸೂಚನೆಯೂ ಹೌದು. ಅದನ್ನು ಗ್ರಹಿಸಿದ ಕೋಶಗಳು ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ.

ಚಿಕಿತ್ಸೆಯ ಸವಾಲು

ನಿಸ್ಟಾಟಿನ್, ಕ್ಲೋಟ್ರಿಮಜೋಲ್, ಫ್ಲುಕೊನಜೋಲ್ ಬಳಕೆಯಲ್ಲಿರುವ ಔಷಧಗಳು. ಫ್ಲುಕೊನಜೋಲ್ ಪದೇ ಪದೇ ಬಳಕೆಯಾದಾಗ, ಅದರ ಗುರಿಯಾದ ಇಆರ್‌ಜಿ11 ಜೀನು ಮಾರ್ಪಡಬಹುದು ಅಥವಾ ಸಿಡಿಆರ್1ರಂಥ ಜೀನುಗಳು ಚುರುಕಾಗಿ ಔಷಧವನ್ನು ಹೊರದೂಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಅತಿ ಗಂಭೀರ ಗುಂಪಿನಲ್ಲಿದೆ. ಆದ್ದರಿಂದಲೇ ಶಿಲೀಂಧ್ರವನ್ನು ಕೊಲ್ಲುವ ಬದಲು ಅದರ ಅಂಟು, ತಂತು, ನಂಜುಗಳನ್ನು ತಡೆಯುವ ಮಾರ್ಗಗಳ ಶೋಧ ನಡೆದಿದೆ.

ಇನ್‌ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸುವುದು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ಶುಚಿಗೊಳಿಸುವುದು ಸೋಂಕನ್ನು ದೂರವಿಡಲು ನೆರವಾಗುತ್ತವೆ. ವಯಸ್ಕರಲ್ಲಿ ಸ್ಪಷ್ಟ ಕಾರಣವಿಲ್ಲದೆ ಥ್ರಷ್ ಮರುಕಳಿಸಿದರೆ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.