ಊದುಗೊಳವೆ, ಬಾಣ ಮತ್ತು ಅಜ್ಜಿ ಹೇಳಿದ ಮಾತು

(1/7)

ಅಜ್ಜಿ ಮನೆಯ ಒಲೆ ಮುಂದೆ ಕೂತು ಊದುಗೊಳವೆ ಹಿಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕಬ್ಬಿಣದ್ದೋ ಬಿದಿರಿನದ್ದೋ ಒಂದು ಮೊಳದ ಕೊಳವೆ. ಹಸಿ ಸೌದೆ ಹೊಗೆ ಕಾರ್ತಾ ಇರುತ್ತೆ, ನಾವು ಕೆನ್ನೆ ಉಬ್ಬಿಸಿ ಊದ್ತೀವಿ, ಕೆಂಡ ಕೆಂಪಗಾಗುತ್ತೆ. ಆಗ ಹಿಂದಿನಿಂದ ಅಜ್ಜಿಯ ದನಿ: "ಬಾಯಿ ತೆಗೆದು ಉಸಿರೆಳ್ಕೊಳೋ, ಬೂದಿ ಒಳಗೆ ಹೋದೀತು!"

ಒಂದು ಸಲ ಊದಬೇಕು, ಕೊಳವೆಯಿಂದ ಬಾಯಿ ತೆಗೆಯಬೇಕು, ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಳೆದು ಮತ್ತೆ ಊದಬೇಕು. ಇದನ್ನ ಪಾಠ ಅಂತ ಯಾರೂ ಹೇಳಿಕೊಡಲಿಲ್ಲ. ಬೈಗುಳದ ಜೊತೆಗೇ ಬಂತು.

ಅದೇ ಕೊಳವೆ ಶಾಲೆಯಲ್ಲಿ ಬಾಲ್‌ಪೆನ್ನಿನ ಖಾಲಿ ಕೊಳವೆ ಆಯ್ತು. ರೀಫಿಲ್ ತೆಗೆಯೋದು, ನೋಟ್‌ಬುಕ್ಕಿನ ಮೂಲೆ ಹರಿದು ಬಾಯಲ್ಲಿ ಅಗಿದು ಉಂಡೆ ಮಾಡೋದು, ಮುಂದಿನ ಬೆಂಚಿನವನ ಕುತ್ತಿಗೆಗೆ ಗುರಿ ಇಡೋದು. ಏಳನೇ ಕ್ಲಾಸಲ್ಲಿ ಒಮ್ಮೆ ನಾನು ಕೊಳವೆ ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟೆ. ಊದೋ ಬದಲು ಎಳ್ಕೊಂಡೆ. ಉಂಡೆ ಗಂಟಲಲ್ಲಿ! ಪಕ್ಕದವನು ಬೆನ್ನಿಗೆ ನಾಲ್ಕು ಗುದ್ದಿದ ಮೇಲೆ ಹೊರಗೆ ಬಂತು. ಮೇಷ್ಟ್ರು ಮಾಮೂಲಿ ಕೆಮ್ಮು ಅಂದ್ಕೊಂಡು ನೀರು ಕುಡಿದು ಬಾ ಅಂದ್ರು.

ಅದು ಬರೀ ಒದ್ದೆ ಕಾಗದ. ಈ ಸರಣಿಯ ಕೊನೆಗೆ ಬರೋ ಹುಡುಗರ ಕೊಳವೆಯಲ್ಲಿ ಇದ್ದದ್ದು ಸೂಜಿ.

(2/7)

ಉಸಿರಿನಿಂದ ಬಾಣ ಬಿಡೋ ಈ ಕೊಳವೆಗೆ ಇಂಗ್ಲಿಷಲ್ಲಿ ಬ್ಲೋಗನ್ ಅಂತಾರೆ. ಬೋರ್ನಿಯೋ, ಮಲಯಾ, ಅಮೆಜಾನ್ ಕಾಡುಗಳಲ್ಲಿ ಅದು ಬೇಟೆಯ ಆಯುಧ. ಆದರೆ ಮನೆಯಲ್ಲೇ ಬಾಣ ಮಾಡ್ಕೊಂಡು, ಅಂಗಳದಲ್ಲೇ ಗುರಿ ಅಭ್ಯಾಸ ಮಾಡೋದನ್ನ ಆಟವಾಗಿ, ಹೆಮ್ಮೆಯಾಗಿ ಇವತ್ತಿಗೂ ಉಳಿಸಿಕೊಂಡ ಜನರ ಕಥೆ ಬೇಕಂದ್ರೆ ಉತ್ತರ ಅಮೆರಿಕದ ಚೆರೋಕಿಗಳ ಹತ್ತಿರ ಹೋಗಬೇಕು.

ಈಗಿನ ನಾರ್ತ್ ಕೆರೊಲೈನಾ, ಟೆನೆಸಿ, ಜಾರ್ಜಿಯಾ ರಾಜ್ಯಗಳ ಬೆಟ್ಟಸೀಮೆ ಅವರ ಮೂಲನೆಲ. ಅಲ್ಲಿಯ ಹೊಳೆದಂಡೆಗಳಲ್ಲಿ ರಿವರ್ ಕೇನ್ ಅನ್ನೋ ಬಿದಿರು ಬೆಳೆಯುತ್ತೆ. ಹೌದು, ಅಮೆರಿಕಕ್ಕೂ ತನ್ನದೇ ಬಿದಿರು ಇದೆ! ನಮ್ಮ ಹೆಬ್ಬಿದಿರಿನಷ್ಟು ದಪ್ಪ ಬರಲ್ಲ, ಮಲೆನಾಡಿನ ವಾಟೆ ನೋಡಿದ್ರೆ ಅಂದಾಜು ಸಿಗುತ್ತೆ.

ಅದರಲ್ಲಿ 6ರಿಂದ 9 ಅಡಿ ಉದ್ದದ ಕೋಲು ಆರಿಸ್ತಾರೆ. ಒಣಗಿಸಿ, ಬೆಂಕಿಯ ಶಾಖಕ್ಕೆ ಹಿಡಿದು, ಡೊಂಕು ಇರೋ ಕಡೆ ಒತ್ತಿ ನೆಟ್ಟಗೆ ಮಾಡ್ತಾರೆ. ಆಮೇಲೆ ಇರೋದು ನಿಜವಾದ ಕೆಲಸ. ಬಿದಿರಿನ ಪ್ರತಿ ಗೆಣ್ಣಿನ ಒಳಗೂ ಒಂದು ಅಡ್ಡ ಪೊರೆ ಇರುತ್ತಲ್ಲ, ಅದನ್ನೆಲ್ಲ ತೆಗೆದು ಒಳಮೈ ನಯ ಮಾಡಬೇಕು. ಕಾಯಿಸಿದ ಕಬ್ಬಿಣದ ಸರಳು ತೂರಿಸಿ ಸುಡೋದು ಒಂದು ದಾರಿ. ತಗಡಿನ ಚೂರಿಗೆ ಮೊಳೆಯಿಂದ ತೂತು ಹೊಡೆದು, ತರಕಾರಿ ತುರಿಯೋ ಮಣೆ ಹಾಗೆ ಒರಟು ಮಾಡಿ, ಅದನ್ನ ಕೋಲಿನ ತುದಿಗೆ ಸುತ್ತಿ ಒಳಗೆ ಉಜ್ಜೋದು ಇನ್ನೊಂದು ದಾರಿ. ಉಜ್ಜೋದು, ಕಣ್ಣಿಗೆ ಹಿಡಿದು ಬೆಳಕು ನೋಡೋದು, ಮತ್ತೆ ಉಜ್ಜೋದು. ಒಂದು ಗೆಣ್ಣಿನ ಅಂಚು ಒಳಗೆ ಉಳಿದ್ರೂ ಬಾಣ ಅಲ್ಲಿ ತಡೆದು, ಹೊರಗೆ ಬರುವಾಗ ಗುರಿ ಕೆಟ್ಟಿರುತ್ತೆ.

(3/7)

ಕೊಳವೆ ಒಂದು ಸಲ ಮಾಡಿದ್ರೆ ವರ್ಷಗಟ್ಟಲೆ ಬರುತ್ತೆ. ಬಾಣ ಹಾಗಲ್ಲ, ಕಳೆಯುತ್ತೆ, ಮುರಿಯುತ್ತೆ, ಬಾಲ ಉದುರುತ್ತೆ. ಅದಕ್ಕೇ ಬಾಣ ಕಟ್ಟೋದು ಮುಗಿಯದ ಕೆಲಸ. ಈ ಹವ್ಯಾಸದ ರುಚಿ ಇರೋದೂ ಅಲ್ಲೇ ಅಂತ ನನ್ನ ಲೆಕ್ಕ.

ಲೋಕಸ್ಟ್ ಅನ್ನೋ ಗಟ್ಟಿ ಮರದ ಸೀಳನ್ನ ಚಾಕುವಿನಿಂದ ಹೆರೆದು ಹೆರೆದು ತೆಳ್ಳಗಿನ ಕಡ್ಡಿ ಮಾಡ್ತಾರೆ. ಒಂದು ತುದಿ ಚೂಪು. ಇನ್ನೊಂದು ತುದಿಗೆ ಬಾಲ. ಆ ಬಾಲಕ್ಕೆ ಬೇಕಾದ್ದು ಥಿಸಲ್ ಅನ್ನೋ ಗಿಡದ ಅರಳೆ. ಮೈಯೆಲ್ಲ ಮುಳ್ಳು, ನೇರಳೆ ಹೂವು, ರೈತರ ಪಾಲಿಗೆ ಶುದ್ಧ ಕಳೆ. ಎಕ್ಕದ ಕಾಯಿ ಒಡೆದಾಗ ಬಿಳಿ ಎಳೆ ಗಾಳಿಗೆ ಹಾರುತ್ತಲ್ಲ, ಥಿಸಲ್ ಹೂವು ಬಲಿತಾಗಲೂ ಹಾಗೇ. ಹಾರಿ ಹೋಗೋಕೆ ಮುಂಚೆ, ಬೇಸಿಗೆ ಮುಗಿಯೋ ಹೊತ್ತಿಗೆ ಕೊಯ್ದು, ಎರಡು ಕಡ್ಡಿಗಳ ನಡುವೆ ಸಾಲಾಗಿ ಸಿಕ್ಕಿಸಿ ಒಣಗಿಸ್ತಾರೆ. ವರ್ಷಕ್ಕಾಗೋ ಬಾಲದ ದಾಸ್ತಾನು ಅದು.

ಕಟ್ಟೋ ಕ್ರಮ ನೋಡಿ. ದಾರದ ಒಂದು ತುದಿ ಹಲ್ಲಲ್ಲಿ, ಇನ್ನೊಂದು ತುದಿ ಕಡ್ಡಿಗೆ. ಕಡ್ಡಿಯನ್ನ ತಿರುಗಿಸ್ತಾ ಹೋದ ಹಾಗೆ ಅರಳೆ ಚಿಟಿಕೆ ಚಿಟಿಕೆಯಾಗಿ ದಾರದಡಿ ಸಿಕ್ಕಿ, ಸುತ್ತಿಕೊಂಡು, ನಾಲ್ಕು ಬೆರಳಗಲದ ಮೆತ್ತನೆ ಕುಂಚ ಆಗುತ್ತೆ. ಹೂಬತ್ತಿ ಹೊಸೆದು ಅಭ್ಯಾಸ ಇರೋ ಕೈಗೆ ಇದರ ಹದ ಬೇಗ ಗೊತ್ತಾಗುತ್ತೆ ಅನ್ಸುತ್ತೆ.

ಆ ಕುಂಚಕ್ಕೆ ಎರಡು ಕೆಲಸ. ಕೊಳವೆ ಒಳಗೆ ಇರೋವರೆಗೆ ಅದು ಬಿರಡೆ. ಉಸಿರು ಪಕ್ಕದಿಂದ ಸೋರದ ಹಾಗೆ ತಡೆದು, ಅಷ್ಟೂ ಒತ್ತಡವನ್ನ ತನ್ನ ಬೆನ್ನ ಮೇಲೆ ತಗೊಳ್ಳುತ್ತೆ. ಹೊರಗೆ ಬಂದ ಕೂಡಲೇ ಅದು ಶಟಲ್‌ಕಾಕಿನ ಗರಿ. ಗಾಳಿ ಬಾಲವನ್ನ ಹಿಂದಕ್ಕೆ ಹಿಡಿದಿಡುತ್ತೆ, ಹಾಗಾಗಿ ಮೊನೆ ಮುಂದೆ ಇರುತ್ತೆ. ಸಡಿಲ ಕಟ್ಟಿದ್ರೆ ಉಸಿರು ಸೋರಿ ಬಾಣ ಕಾಲ ಹತ್ತಿರವೇ ಬೀಳುತ್ತೆ. ಬಿಗಿಯಾದ್ರೆ ಹೊರಡೋದೇ ಇಲ್ಲ.

ಅಮೆಜಾನಿನವರು ಇದೇ ಕೆಲಸಕ್ಕೆ ಬೂರುಗದ ಬಳಗದ ಮರದ ಹತ್ತಿ ಸುತ್ತಿದ್ರು. ಬೋರ್ನಿಯೋದವರು ಬೆಂಡಿನ ಶಂಕು ಕೆತ್ತಿ ಕೂರಿಸಿದ್ರು. ಮೂರೂ ಕಡೆ ಉತ್ತರ ಒಂದೇ, ಸಾಮಾನು ಮಾತ್ರ ಆಯಾ ಕಾಡಿನದು.

(4/7)

ಈಗ ಊದೋದು. ಹೊಸಬರು ಮಾಡೋ ತಪ್ಪು ಒಲೆ ಊದಿದ ಹಾಗೆ ಉದ್ದಕ್ಕೆ ಊದೋದು. ಬಾಣಕ್ಕೆ ಬೇಕಿರೋದು ಹೊಟ್ಟೆಯಿಂದ ಬರೋ ಒಂದೇ ಗುದ್ದು. ಕೆಮ್ಮಿನ ಹಾಗೆ, ಗಂಟಲಿಗೆ ಸಿಕ್ಕ ಸಿಪ್ಪೆ ಉಗಿದ ಹಾಗೆ. ಕೊಳವೆ ಉದ್ದ ಇದ್ದಷ್ಟೂ ಆ ಒತ್ತಡ ಬಾಣವನ್ನ ಹೆಚ್ಚು ಹೊತ್ತು ತಳ್ಳುತ್ತೆ, ವೇಗ ಏರುತ್ತೆ. ಹಾಗಂತ ಉದ್ದ ಮಾಡ್ತಾನೇ ಹೋದ್ರೆ ಒಂದು ಹಂತದ ಮೇಲೆ ಉಸಿರೇ ಸಾಲಲ್ಲ, ತುದಿಯೂ ಜೋಲುತ್ತೆ.

ಉಸಿರೆಳ್ಕೊಳ್ಳೋದು ಯಾವಾಗ? ಕೊಳವೆಗೆ ತುಟಿ ತಾಗೋಕೆ ಮುಂಚೆ. ಎದೆ ತುಂಬಿಕೊಂಡು, ಆಮೇಲೆ ತುಟಿ ಹಚ್ಚಿ, ಗುರಿ ನೋಡಿ, ಬಿಡೋದು. ನಗು ಬಂದ್ರೆ, ಮನಸ್ಸು ಬದಲಾದ್ರೆ, ಕೊಳವೆಯಿಂದ ಬಾಯಿ ತೆಗೀಬೇಕು. ಅಜ್ಜಿ ಹೇಳಿದ್ದೂ ಇಷ್ಟೇ!

ಹಳೇ ಕಾಲದಲ್ಲಿ ಇದರಿಂದ ಹೊಡೀತಿದ್ದದ್ದು ಅಳಿಲು, ಮೊಲ, ಹಕ್ಕಿ. ವಿಷ ಹಚ್ಚುತ್ತಿರಲಿಲ್ಲ. ಬಂದೂಕಿನ ಸದ್ದಿಗೆ ಇಡೀ ಮರ ಖಾಲಿಯಾಗುತ್ತೆ, ಊದುಗೊಳವೆಗೆ ಪಕ್ಕದ ಕೊಂಬೆಯ ಹಕ್ಕಿಗೂ ಗೊತ್ತಾಗಲ್ಲ. ಮಕ್ಕಳ ಕೈಗೆ ಮೊದಲು ಸಿಗ್ತಿದ್ದ ಬೇಟೆ ಸಾಮಾನುಗಳಲ್ಲಿ ಇದೂ ಒಂದು. ಹಿರಿಯರು ಮಾಡ್ತಾ ಇರೋದನ್ನ ಪಕ್ಕದಲ್ಲಿ ಕೂತು ನೋಡಿ, ಕೆಟ್ಟ ಬಾಣ ನೂರು ಕಟ್ಟಿ, ಒಳ್ಳೇದು ಕಲೀತಿದ್ರು. (ನಮ್ಮಲ್ಲಿ ಯಾರಿಗಾದ್ರೂ ಅಳಿಲು ಹಕ್ಕಿ ಅಂದ ಕೂಡಲೇ ಕೈ ತುರಿಸ್ತಿದ್ರೆ 1972ರ ವನ್ಯಜೀವಿ ಕಾಯಿದೆ ನೆನಪಿರಲಿ. ರಟ್ಟಿನ ಗುರಿ ಸಾಕು.)

(5/7)

ಇಲ್ಲಿಗೆ ನಿಲ್ಲಿಸಿದ್ರೆ ಇದು ಚೆಂದದ ಕರಕುಶಲದ ಕಥೆ. ಆದರೆ 1830ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡ್ತು. ಮಿಸಿಸಿಪಿ ನದಿಯ ಪೂರ್ವಕ್ಕಿದ್ದ ಮೂಲನಿವಾಸಿಗಳನ್ನ ಪಶ್ಚಿಮಕ್ಕೆ ಕಳಿಸೋ ಕಾಯಿದೆ. 1838ರಲ್ಲಿ ಸೈನಿಕರು ಚೆರೋಕಿಗಳನ್ನ ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದ್ರು. ಸುಮಾರು 16,000 ಜನ ಈಗಿನ ಒಕ್ಲಹೋಮಾದ ಕಡೆ ಹೊರಡಬೇಕಾಯ್ತು. ಚಳಿ, ಹಸಿವು, ಕಾಯಿಲೆ. ಸುಮಾರು 4,000 ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಕಣ್ಣೀರಿನ ಹಾದಿ ಅಂತ ಅದಕ್ಕೆ ಹೆಸರು.

ಒಂದು ಸಣ್ಣ ಗುಂಪು ಮಾತ್ರ ನಾರ್ತ್ ಕೆರೊಲೈನಾದ ಬೆಟ್ಟಗಳಲ್ಲಿ ಉಳೀತು. ಹೀಗೆ ಒಂದೇ ಜನ ಎರಡು ಕಡೆ ಆದ್ರು. ಊದುಗೊಳವೆಯೂ ಎರಡು ಕಡೆ ಆಯ್ತು.

ಗಂಟುಮೂಟೆ ಕಟ್ಟೋಕೂ ಪುರುಸೊತ್ತು ಕೊಡದೆ ಎಬ್ಬಿಸಿದವರು ಏನು ಒಯ್ದಾರು ಹೇಳಿ? ಒಂಬತ್ತು ಅಡಿಯ ಕೋಲನ್ನಂತೂ ಅಲ್ಲ. ಎಷ್ಟು ಒಣಗಬೇಕು, ಅರಳೆ ಯಾವಾಗ ಕೊಯ್ಯಬೇಕು, ದಾರ ಎಷ್ಟು ಬಿಗಿ, ಉಸಿರು ಯಾವಾಗ, ಇದೆಲ್ಲ ಜನರ ಕೈಯಲ್ಲಿ, ಬಾಯಲ್ಲಿ ಹೋಯ್ತು. ದಾರಿಯಲ್ಲಿ ಹೆಚ್ಚು ಸತ್ತವರು ಮಕ್ಕಳು ಮತ್ತು ಮುದುಕರು. ಹೇಳಿಕೊಡೋರು ಮತ್ತು ಕಲಿಯೋರು.

ಆಮೇಲೆ ಬಿದಿರೂ ಹೋಯ್ತು. ಹೊಳೆದಂಡೆಯ ಒಳ್ಳೇ ಮಣ್ಣು ಹೊಲ ಆಯ್ತು, ಹುಲ್ಲುಗಾವಲು ಆಯ್ತು. ಹಿಂದೆ ಇದ್ದ ರಿವರ್ ಕೇನ್ ಮೆಳೆಗಳಲ್ಲಿ ಇವತ್ತು ಉಳಿದಿರೋದು ನೂರಕ್ಕೆ 2 ಪಾಲು ಅಂತ ಅಂದಾಜು. ಬುಟ್ಟಿ ಹೆಣೆಯೋ ಚೆರೋಕಿ ಹೆಂಗಸರಿಗೂ ಕೊಳವೆ ಮಾಡೋರಿಗೂ ಒಂದೇ ಪರದಾಟ.

ಆದ್ರೂ ನೋಡಿ. ನಾರ್ತ್ ಕೆರೊಲೈನಾದ ಚೆರೋಕಿ ಊರಿನಲ್ಲಿ 1952ರಿಂದ ನಡೀತಿರೋ ಒಕೊನಲುಫ್ಟಿ ಅನ್ನೋ ಮಾದರಿ ಹಳ್ಳಿಯಲ್ಲಿ ಕೊಳವೆ ಊದಿ ತೋರಿಸ್ತಾರೆ. ಅದು ಪ್ರವಾಸಿಗರಿಗೆ. ನನಗೆ ಹೆಚ್ಚು ಇಷ್ಟ ಇನ್ನೊಂದು. ಒಕ್ಲಹೋಮಾದ ಟಾಲಕ್ವಾದಲ್ಲಿ 1953ರಿಂದ ಪ್ರತಿ ವರ್ಷ ಚೆರೋಕಿ ರಾಷ್ಟ್ರೀಯ ಹಬ್ಬ ನಡೆಯುತ್ತೆ. ಹೊಸ ನೆಲದಲ್ಲಿ 1839ರ ಸೆಪ್ಟೆಂಬರ್ 6ರಂದು ಸಂವಿಧಾನಕ್ಕೆ ಸಹಿ ಹಾಕಿದ ನೆನಪಿಗೆ. ಅಲ್ಲಿ ಊದುಗೊಳವೆ ಸ್ಪರ್ಧೆ ಇರುತ್ತೆ. ಅವರದೇ ಹಬ್ಬ, ಅವರದೇ ಜನ, ರಟ್ಟಿನ ಮೇಲೆ ಗುರಿ.

(6/7)

"ನಮ್ಮ ಕಡೆ ಇರಲಿಲ್ವಾ?" ನೀವು ಕೇಳ್ತೀರಿ ಅಂತ ಗೊತ್ತಿತ್ತು.

ಪಕ್ಕದಲ್ಲೇ ಇತ್ತು. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1924ರಲ್ಲಿ ದಕ್ಷಿಣ ಭಾರತದ ಊದುಗೊಳವೆಗಳ ಬಗ್ಗೆ ಉದ್ದನೆಯ ಲೇಖನ ಬರೆದ್ರು. ಮಲಬಾರಿನ ಕಡೆ ಇದು ಮೀನು ಹೊಡೆಯೋ ಸಾಧನ. ಬಾಣಕ್ಕೆ ದಾರ ಕಟ್ಟಿರುತ್ತೆ, ತಾಗಿದ ಮೀನನ್ನ ಎಳ್ಕೊಳ್ಳೋದು. ಮೀನಿನ ಇಲಾಖೆಯವರ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ.

ಇನ್ನೊಂದು ನಂಟು ಇನ್ನೂ ವಿಚಿತ್ರ. ಬೋರ್ನಿಯೋ, ಮಲಯಾಗಳಲ್ಲಿ ಬಾಣದ ಮೊನೆಗೆ ಒಂದು ಮರದ ಹಾಲು ಹಚ್ಚುತ್ತಿದ್ರು. ಹೃದಯವನ್ನೇ ನಿಲ್ಲಿಸೋ ವಿಷ. 1783ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಮರದ ಬಗ್ಗೆ ಭಯಂಕರ ಕಥೆ ಅಚ್ಚು ಹಾಕ್ತು. ಜಾವಾದಲ್ಲಿ ಅದರ ಸುತ್ತ ಹತ್ತಾರು ಮೈಲಿ ಹುಲ್ಲುಕಡ್ಡಿ ಬೆಳೆಯಲ್ಲ, ಮರಣದಂಡನೆ ಆದವರನ್ನ ವಿಷ ತರೋಕೆ ಕಳಿಸ್ತಾರೆ ಅಂತೆಲ್ಲ. ಶುದ್ಧ ಬುರುಡೆ. ಯುರೋಪು ಪೂರ್ತಿ ನಂಬ್ತು.

ಅದೇ ಜಾತಿಯ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಕನ್ನಡದಲ್ಲಿ ಅಜ್ಜನಪಟ್ಟೆ, ಜಗುರಿ ಅಂತಾರೆ. ನಮ್ಮವರು ಅದರಿಂದ ಏನು ಮಾಡಿದ್ರು ಗೊತ್ತಾ? ಅಕ್ಕಿ ಚೀಲ! ಹದವಾದ ಕೊಂಬೆ ಕಡಿದು, ನೆನೆಸಿ, ಬಡಿದು ಬಡಿದು ತೊಗಟೆ ಸಡಿಲ ಮಾಡಿ, ಕಾಲುಚೀಲ ಬಿಚ್ಚೋ ಹಾಗೆ ತಿರುವಿ ಎಳೆಯೋದು. ತಳಕ್ಕೆ ಮರದ ಒಂದು ಬಿಲ್ಲೆ ಉಳಿಸೋದು. ಹೊಲಿಗೆಯೇ ಇಲ್ಲದ ಚೀಲ ತಯಾರು.

(7/7)

ಜಪಾನಿಗೆ ಒಂದು ಹೆಜ್ಜೆ ಹೋಗಿ ಬರೋಣ. ಅಲ್ಲಿ ಫುಕಿಯಾ ಅನ್ನೋ ಹಳೇ ಊದುಬಾಣ ಈಗ ಕ್ರೀಡೆ. 1998ರಲ್ಲಿ ಸಂಘ ಕಟ್ಟಿಕೊಂಡರು. ಹಗುರವಾದ ಶಂಕುವಿನಾಕಾರದ ಬಾಣ, ಗೋಡೆಗೆ ಗುರಿಹಲಗೆ, ಒಂದು ಸುತ್ತಿಗೆ 5 ಬಾಣ. ಆಡೋರಲ್ಲಿ ಅಜ್ಜ ಅಜ್ಜಿಯರು ಬಹಳ. ಮೊದಲು ತಲೆಬಾಗಿ ವಂದನೆ, ಆಮೇಲೆ ಹೊಟ್ಟೆಯಿಂದ ನಿಧಾನ ಉಸಿರಾಟ. ಉಸಿರು ಒಳಗೆ ಎಳೆಯೋದು ಮೂಗಿನಿಂದ. ಗುರಿಗಿಂತ ಮೊದಲು ಕಲಿಸೋದು ಇದನ್ನೇ.

ಈಗ ಮೊದಲ ಕಂತಿನಲ್ಲಿ ಹೇಳಿದ ಹುಡುಗರು. 2013ರಲ್ಲಿ ಅಮೆರಿಕದ ವೈದ್ಯರು ಮೂವರು ಹದಿಹರೆಯದ ಹುಡುಗರ ಬಗ್ಗೆ ಒಂದು ವರದಿ ಪ್ರಕಟಿಸಿದ್ರು. ಮನೆಯಲ್ಲೇ ಬಾಣ ಮಾಡೋದು ಹೇಗೆ ಅನ್ನೋದು ಅಂತರ್ಜಾಲದಲ್ಲಿ ಧಾರಾಳ ಸಿಗುತ್ತೆ. ಸೂಜಿ, ಅದಕ್ಕೊಂದು ಬಾಲ, ಒಂದು ಕೊಳವೆ. ಹುಡುಗರು ಮಾಡ್ಕೊಂಡ್ರು. ಕೊಳವೆಗೆ ತುಟಿ ಹಚ್ಚಿ, ಜೋರಾಗಿ ಊದಬೇಕಲ್ಲ ಅಂತ, ಅಲ್ಲಿಂದಲೇ ಜೋರಾಗಿ ಉಸಿರೆಳ್ಕೊಂಡ್ರು. ಬಾಣ ಹಿಂದಕ್ಕೆ ಬಂದು ಶ್ವಾಸನಾಳಕ್ಕೆ ಇಳೀತು. ವೈದ್ಯರು ಹೊರಗೆ ತೆಗೆದರು.

ಮೇಲೆ ಹೇಳಿದ ಬಾಲದ ಕೆಲಸ ನೆನಪು ಮಾಡ್ಕೊಳ್ಳಿ. ಉಸಿರು ಸೋರದ ಹಾಗೆ ಹಿಡಿಯೋ ಬಿರಡೆ. ಅದು ಎರಡೂ ಕಡೆಗೆ ಕೆಲಸ ಮಾಡುತ್ತೆ. ಹುಡುಗರು ಬಾಲ ಸರಿಯಾಗೇ ಕಟ್ಟಿದ್ರು ಅಂತ ಕಾಣುತ್ತೆ. ಬಾಣ ಕಟ್ಟೋದನ್ನ ತೋರಿಸಿದವರು ಉಸಿರಿನ ಮಾತು ತೋರಿಸಿರಲಿಲ್ಲ, ಹಿಂದೆ ನಿಂತು ಬೈಯೋಕೆ ಯಾರೂ ಇರಲಿಲ್ಲ.

ಏಳನೇ ಕ್ಲಾಸಿನ ನನ್ನ ಕಾಗದದ ಉಂಡೆಯ ವಿಷಯ ಇಷ್ಟು ವರ್ಷ ಮನೆಯಲ್ಲಿ ಹೇಳಿರಲಿಲ್ಲ. ಇದನ್ನ ಬರೆಯೋ ಹೊತ್ತಿಗೆ ಅಮ್ಮನಿಗೆ ಹೇಳಿದೆ. "ಒಲೆ ಊದೋವಾಗ ಅಷ್ಟು ಹೇಳಿದ್ರೂ ನಿನಗೆ ಗೊತ್ತಾಗಲಿಲ್ವಾ?" ಅಂದ್ರು. ಅಜ್ಜಿಯ ಊದುಗೊಳವೆ ಈಗಲೂ ಅಟ್ಟದ ಮೇಲಿದೆ, ಒಂದು ತುದಿ ಸುಟ್ಟು ಕಪ್ಪಾಗಿದೆ. ಕೊನೆಯ ಫೋಟೋ ಅದರದ್ದೇ.

ನಿಮ್ಮ ಕಡೆ ಇದಕ್ಕೆ ಏನಂತಾರೆ? ಊದುಗೊಳವೆನಾ, ಊದುಗಣೆನಾ, ಬೇರೆ ಹೆಸರಾ? ಅಜ್ಜನಪಟ್ಟೆಯ ಚೀಲ ಯಾರಾದ್ರೂ ಕಣ್ಣಾರೆ ನೋಡಿದ್ರೆ ಅದನ್ನೂ ಬರೀರಿ.