ಬೋರ್ಡು ಎಷ್ಟು ಚದರಡಿ?

ಅಂಗಡಿಯ ಬೋರ್ಡು ಎಷ್ಟು ದೊಡ್ಡದು ಎಂಬುದು ಟೇಪು ಹಿಡಿದರೆ ಬಗೆಹರಿಯುವ ಪ್ರಶ್ನೆ ಎನಿಸುತ್ತದೆ. ಆದರೆ ಏನನ್ನು ಅಳೆಯಬೇಕು ಎಂಬುದನ್ನು ಆಯಾ ಕಾಲದ ಭಯಗಳೇ ನಿರ್ಧರಿಸಿವೆ. 18ನೇ ಶತಮಾನದ ಲಂಡನ್ನಿನಲ್ಲಿ ಬೀದಿಗೆ ಚಾಚಿಕೊಂಡ ತೂಗುಫಲಕಗಳು ಗಾಳಿ ಬೆಳಕಿಗೆ ಅಡ್ಡಿ, ದಾರಿಹೋಕರ ತಲೆಗೆ ಅಪಾಯ. 1762ರಿಂದೀಚೆಗೆ ಅವನ್ನು ಇಳಿಸಿ ಗೋಡೆಗೆ ಒತ್ತಿ ಕೂರಿಸತೊಡಗಿದರು. ಅಲ್ಲಿ ಲೆಕ್ಕಕ್ಕೆ ಬಂದದ್ದು ಚಾಚು. ಚದರಡಿಗೆ ಮಹತ್ವ ಬಂದದ್ದು ಅಮೆರಿಕದ ಖಾಲಿ ಸೈಟುಗಳ ಅಂಚಿನಲ್ಲಿ ಬಿಲ್‌ಬೋರ್ಡುಗಳು ಎದ್ದ ಮೇಲೆ. 1911ರಲ್ಲಿ ಸೇಂಟ್ ಲೂಯಿಸ್ ನಗರದ ನಿರ್ಬಂಧಗಳನ್ನು ಎತ್ತಿಹಿಡಿದ ಮಿಸೌರಿ ಸುಪ್ರೀಂ ಕೋರ್ಟು, ಫಲಕಗಳ ಮರೆಯಲ್ಲಿ ಬೀಳುವ ಕಸ, ನಡೆಯುವ ಅನಾಚಾರಗಳನ್ನೇ ಮುಂದೆ ಮಾಡಿತು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಷಿಕಾಗೊ ನಗರದ ನಿಯಮವೊಂದನ್ನು ಮಾನ್ಯ ಮಾಡಿತು: ವಾಸದ ಮನೆಗಳೇ ಹೆಚ್ಚಿರುವ ಕಡೆ 12 ಚದರಡಿ ಮೀರಿದ ಫಲಕ ನಿಲ್ಲಿಸಲು, ಬೀದಿಯ ಮುಂಭಾಗದ ಅರ್ಧಕ್ಕಿಂತ ಹೆಚ್ಚು ಪಾಲು ಯಾರದೋ ಅವರ ಒಪ್ಪಿಗೆ ಬೇಕು.

ಹೀಗೆ ಮಿತಿ ಬಂದ ಮೇಲೆ ಅಳೆಯುವ ಕ್ರಮವೂ ಬೇಕಾಯಿತು. ಪೆಟ್ಟಿಗೆಯಂಥ ಬೋರ್ಡಾದರೆ ಹೊರ ಅಂಚಿನಿಂದ ಅಳತೆ. ಗೋಡೆಯ ಮೇಲೆ ಬಿಡಿ ಅಕ್ಷರ ಕೂರಿಸಿದ್ದರೆ, ಅವೆಲ್ಲವನ್ನೂ ಒಳಗೊಳ್ಳುವ ಅತಿ ಚಿಕ್ಕ ಆಯತ ಎಳೆದು ಅದರ ವಿಸ್ತೀರ್ಣ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮುಖಗಳಿಗೆ ಸಾಮಾನ್ಯವಾಗಿ ಒಂದೇ ಲೆಕ್ಕ. ಈ ಆಯತ ವರ್ತಕನಿಗೆ ಅನ್ಯಾಯ ಎಂಬ ಆಕ್ಷೇಪವುಂಟು: ಒಂದೇ ಒಂದು ಅಕ್ಷರ ಎತ್ತರವಾಗಿದ್ದರೆ ಉಳಿದವುಗಳ ಮೇಲಿನ ಬರಿಗೋಡೆಯೂ ಅವನ ಖಾತೆಗೆ ಬೀಳುತ್ತದೆ. ಮಾತು ನಿಜವೇ, ಅದಕ್ಕೆಂದೇ ಕೆಲವು ಊರುಗಳು ಎಂಟು ನೇರ ಗೆರೆಗಳ ಆಕೃತಿಗೂ ಅವಕಾಶ ಕೊಟ್ಟಿವೆ. ಆದರೆ ಅಕ್ಷರದ ಒಂದೊಂದು ಬಳುಕನ್ನೂ ಹಿಂಬಾಲಿಸುತ್ತ ಹೋದರೆ ಇಬ್ಬರು ಇನ್‌ಸ್ಪೆಕ್ಟರುಗಳಿಗೆ ಎರಡು ಉತ್ತರ ಸಿಗುತ್ತದೆ, ಪರವಾನಗಿ ಅವರ ಮರ್ಜಿಗೆ ಬೀಳುತ್ತದೆ. ಒರಟು ಆಯತದ ದೊಡ್ಡ ಗುಣವೆಂದರೆ ಯಾರು ಅಳೆದರೂ ಅದೇ ಅಂಕಿ.

ಮರ್ಜಿ ನಿಯಮದೊಳಗೇ ನುಸುಳಿದರೆ ಏನಾಗುತ್ತದೆ ಎಂಬುದಕ್ಕೆ ಅರಿಜೋನಾದ ಗಿಲ್ಬರ್ಟ್ ಪಟ್ಟಣ ಸಾಕ್ಷಿ. ಅಲ್ಲಿ ವಿಚಾರಪ್ರಚಾರದ ಫಲಕಕ್ಕೆ 20 ಚದರಡಿ, ವಸತಿ ಪ್ರದೇಶದ ಚುನಾವಣಾ ಫಲಕಕ್ಕೆ 16, ಚರ್ಚಿನ ಪ್ರಾರ್ಥನೆಗೆ ದಾರಿ ತೋರುವ ತಾತ್ಕಾಲಿಕ ಫಲಕಕ್ಕೆ ಬರೀ 6 ಎಂಬ ಮಿತಿಯಿತ್ತು. ಓದಿ ನೋಡದೆ ಅಳತೆಯ ಮಿತಿ ಹೇಳಲಾಗದ ಈ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟು 2015ರಲ್ಲಿ ಒಮ್ಮತದಿಂದ ತಳ್ಳಿಹಾಕಿತು. ಇದರಿಂದ ಎಷ್ಟೋ ನಿರುಪದ್ರವಿ ನಿಯಮಗಳೂ ಉರುಳಬಹುದೆಂದು ನ್ಯಾಯಮೂರ್ತಿ ಎಲೆನಾ ಕೇಗನ್ ಎಚ್ಚರಿಸಿದರು. ಎಲ್‌ಇಡಿ ಕಾಲದಲ್ಲಿ ಚದರಡಿಯಿಂದಷ್ಟೇ ಫಲಕದ ಅಬ್ಬರ ತಿಳಿಯದು ಎಂಬುದೂ ಸರಿಯೇ. ಆದರೆ ಸ್ಥಳ, ಬೆಳಕು, ಬದಲಾಗುವ ಪರದೆ ಇವನ್ನೆಲ್ಲ ಬರಹ ಓದದೆಯೇ ನಿಯಂತ್ರಿಸಬಹುದೆಂದು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಅದೇ ಪ್ರಕರಣದಲ್ಲಿ ಪಟ್ಟಿಮಾಡಿದ್ದಾರೆ.

ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ ಕರ್ನಾಟಕದ 2024ರ ಕಾನೂನಿನ ಉದ್ದೇಶವೇ ಬೇರೆ. ನುಡಿಯನ್ನು ನೋಡದೆ ಅದು ಜಾರಿಯಾಗದು. ಆದರೂ ಅಳತೆಯ ಪಾಠ ಅಲ್ಲಿಗೂ ಸಲ್ಲುತ್ತದೆ. ‘ಕೃಷ್ಣ ಸ್ಟೋರ್ಸ್’ ಎಂದು ಬರೆದರೆ ಒತ್ತಕ್ಷರ ಕೆಳಗಿಳಿದು ಆಯತ ಆಳವಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಆ ಇಳಿತವಿಲ್ಲ. ಹಾಗಾಗಿ ಪಾಲು ಕೇಳುವ ಮುನ್ನ ಆಯತ ಎಲ್ಲಿಂದ ಎಲ್ಲಿಗೆ ಎಂದು ಬರೆದಿಡಬೇಕು. ಅದಿಲ್ಲದ ಶೇಕಡಾವಾರು ಅಂಗಡಿಯವನ ಮತ್ತು ಅಧಿಕಾರಿಯ ನಡುವಿನ ಚೌಕಾಸಿಯಾಗಿಯೇ ಉಳಿಯುತ್ತದೆ.