ರೆಡ್‌ಸ್ಟ್ರೀಕ್ ಸೇಬು: ಒಂದು ತಳಿಯ ಏಳುಬೀಳು

ಇಂಗ್ಲೆಂಡಿನ ಪಶ್ಚಿಮದಲ್ಲಿರುವ ಹೆರೆಫರ್ಡ್‌ಷೈರ್ ಪ್ರಾಂತವು ಸೈಡರಿಗೆ, ಎಂದರೆ ಸೇಬಿನ ರಸವನ್ನು ಹುಳಿಯಿಸಿ ತಯಾರಿಸುವ ಮದ್ಯಕ್ಕೆ, ಬಹುಕಾಲದಿಂದ ಹೆಸರಾದುದು. ೧೭ನೆಯ ಶತಮಾನದಲ್ಲಿ ಅಲ್ಲಿ ಅತ್ಯುತ್ತಮವೆನಿಸಿದ್ದ ತಳಿ ಕೆಂಪು ಗೆರೆಗಳುಳ್ಳ ರೆಡ್‌ಸ್ಟ್ರೀಕ್. ಈ ತಳಿಯ ಅವನತಿಗೆ ಹಿಂದಿನವರು ಹೇಳಿದ ಕಾರಣವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೋಮ್ ಲೇಸಿಯ ಜಮೀನ್ದಾರನೂ ೧೬೩೫ರಿಂದ ೧೬೩೯ರವರೆಗೆ ಫ್ರಾನ್ಸಿನಲ್ಲಿ ಇಂಗ್ಲೆಂಡಿನ ರಾಯಭಾರಿಯೂ ಆಗಿದ್ದ ಜಾನ್ ಸ್ಕುಡಮೋರನು ಇದನ್ನು ಬೀಜದಿಂದ ಬೆಳೆಸಿದನೆಂದು ಪ್ರತೀತಿಯಿದೆ. ಆದರೆ ಸೇಬಿನ ಬೀಜವು ತಾಯಿಮರದ ಗುಣವನ್ನು ಯಥಾವತ್ತಾಗಿ ಕೊಡದು. ತಳಿಯು ಉಳಿಯುವುದು ಕಸಿಯಿಂದ. ಆದುದರಿಂದ ಈ ಪ್ರಭುವಿನ ಕೀರ್ತಿಯಲ್ಲಿ ಕಸಿ ಕಟ್ಟಿದ ಅಜ್ಞಾತ ತೋಟಗಾರರಿಗೂ ಪಾಲುಂಟು. ತಿನ್ನಲು ಒಗರಾದರೂ ಮದ್ಯಕ್ಕೆ ಉತ್ಕೃಷ್ಟವಾದ ಈ ಹಣ್ಣನ್ನು ೧೬೬೪ರಲ್ಲಿ ಜಾನ್ ಈವ್ಲಿನನು 'ಸಿಲ್ವ' ಗ್ರಂಥದೊಡನೆ ಹೊರತಂದ 'ಪೊಮೋನ'ವೂ, ೧೭೦೮ರಲ್ಲಿ ಜಾನ್ ಫಿಲಿಪ್ಸನ 'ಸೈಡರ್' ಕಾವ್ಯವೂ ಕೊಂಡಾಡಿದವು.

ಆ ಶತಮಾನದ ಅಂತ್ಯದ ಹೊತ್ತಿಗೆ ರೆಡ್‌ಸ್ಟ್ರೀಕ್ ಮರಗಳು ರೋಗಗ್ರಸ್ತವಾಗಿ ಕ್ಷೀಣಿಸಿದ್ದವು. ಹೆರೆಫರ್ಡ್‌ಷೈರಿನವನೇ ಆದ ಥಾಮಸ್ ಆಂಡ್ರೂ ನೈಟನು ೧೭೯೭ರ ತನ್ನ ಗ್ರಂಥದಲ್ಲಿ ಇದಕ್ಕೆ ಕಾರಣವನ್ನು ಸೂಚಿಸಿದನು: ಪ್ರತಿಯೊಂದು ತಳಿಗೂ ನಿಯತವಾದ ಆಯುಷ್ಯವುಂಟು; ಮೂಲವೃಕ್ಷವು ಮುಪ್ಪಾದಂತೆ ಅದರಿಂದ ಕಸಿಯಾದ ಮರಗಳೆಲ್ಲವೂ ಮುಪ್ಪಾಗುತ್ತವೆ. ಈ ವಾದವು ಆಕರ್ಷಕವಾಗಿದ್ದರೂ ನಿಲ್ಲಲಾರದು. ಅವನು ಅಳಿವಿನಂಚಿನಲ್ಲಿದೆಯೆಂದು ಎಣಿಸಿದ್ದ ಗೋಲ್ಡನ್ ಪಿಪ್ಪಿನ್ ತಳಿಯು ಇಂದಿಗೂ ಜೀವಂತವಾಗಿದೆ. ವೈರಸ್ ರೋಗಗಳು ಕಸಿಕಡ್ಡಿಯ ಮೂಲಕ ಮರದಿಂದ ಮರಕ್ಕೆ ಹರಡುತ್ತವೆಂಬುದು ನೈಟನ ಕಾಲದಲ್ಲಿ ತಿಳಿದಿರಲಿಲ್ಲ.

ಮರದ ಆರೋಗ್ಯದೊಡನೆ ಮಾರುಕಟ್ಟೆಯನ್ನೂ ಗಮನಿಸಬೇಕು. ೧೬೮೯ರಲ್ಲಿ ಯುದ್ಧನಿಮಿತ್ತ ಫ್ರೆಂಚ್ ದ್ರಾಕ್ಷಾಮದ್ಯದ ಆಮದು ನಿಷಿದ್ಧವಾದುದು ಸ್ವದೇಶದ ಸೈಡರಿಗೆ ಅನುಕೂಲವಾಯಿತು. ಆದರೆ ೧೭೦೩ರ ಮೆಥ್ಯುಯೆನ್ ಒಪ್ಪಂದವು ಪೋರ್ಚುಗೀಸ್ ದ್ರಾಕ್ಷಾಮದ್ಯದ ಸುಂಕವನ್ನು ಫ್ರೆಂಚ್ ಮದ್ಯದ ಸುಂಕಕ್ಕಿಂತ ಮೂರನೆಯ ಒಂದು ಭಾಗ ಕಡಮೆಮಾಡಿತು. ೧೭೬೩ರಲ್ಲಿ ಸೈಡರ್ ತಯಾರಿಸುವವರ ಮೇಲೆ ಒಂದು ಹಾಗ್ಸ್‌ಹೆಡ್ ಪೀಪಾಯಿಗೆ ೪ ಷಿಲಿಂಗಿನಂತೆ ತೆರಿಗೆ ಬಿದ್ದಿತು. ತೀವ್ರವಾದ ಪ್ರತಿಭಟನೆಯಿಂದ ೧೭೬೬ರಲ್ಲಿ ಅದು ರದ್ದಾಯಿತು. ಬೇಡಿಕೆಯಿರುವವರೆಗೆ ರೈತನು ಹಳೆಯ ಮರದ ಬದಲು ಆರೋಗ್ಯವಾದ ಕಸಿಯನ್ನು ಹುಡುಕಿ ನೆಡುತ್ತಾನೆ. ಬೇಡಿಕೆ ತಗ್ಗಿದರೆ ಆ ಶ್ರಮವೂ ತಗ್ಗುತ್ತದೆ. ರೆಡ್‌ಸ್ಟ್ರೀಕಿನ ಅವನತಿಯಲ್ಲಿ ರೋಗ, ವ್ಯಾಪಾರ, ಅಭಿರುಚಿ ಮೂರನ್ನೂ ಒಟ್ಟಿಗೆ ತೂಗಿನೋಡುವುದು ಯುಕ್ತ.

ನೈಟನು ಕಂಡ ಸಂಗತಿ ನಿಜ. ಅವನು ಕೊಟ್ಟ ವಿವರಣೆ ತಪ್ಪು. ಆದರೂ ಹಳೆಯ ತಳಿಗಳು ಉಳಿಯಲಾರವೆಂಬ ನಂಬಿಕೆಯಿಂದಲೇ ಅವನು ತಳಿಗಳನ್ನು ಬೆರಸಿ ಹೊಸ ಸೇಬುಗಳನ್ನು ಪಡೆಯುವ ಪ್ರಯೋಗಗಳಿಗೆ ತೊಡಗಿದನು. ಆಧುನಿಕ ಹಣ್ಣಿನ ತಳಿ ಸಂವರ್ಧನೆಯ ಆದ್ಯರಲ್ಲಿ ಅವನನ್ನು ಎಣಿಸುವುದು ಈ ಪ್ರಯೋಗಗಳಿಗಾಗಿಯೇ.